ಹಸಿ ತೊಗಲಿನ ಪಟ್ಟಿ

ಅಥಣಿಯ ಆ ಓಣಿಯಲ್ಲಿ ಉಜ್ವಲಾ ಹೆಣೆದ ಜಡೆ ಎಂದರೆ ಎರಡು ಮಾತಿಲ್ಲ. ತಲೆಯ ಜಡೆಯಲ್ಲ, ಚಪ್ಪಲಿಯದು. ತೊಗಲಿನ ಎಳೆಗಳ ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿ, ಮಣಿಕಟ್ಟು ತಿರುವಿ ಎಳೆದಳೆಂದರೆ ಸೂಜಿ ತೂರಲೂ ಸಂದಿ ಇರುತ್ತಿರಲಿಲ್ಲ. ಗಂಡ ಲಕ್ಷ್ಮಣ ಚಪ್ಪಲಿಯ ಅಡಿಯ ಅಟ್ಟೆ ಕೊಯ್ಯುತ್ತಿದ್ದ. ಅತ್ತೆ ಹೊಳೆವ್ವ ಕಣ್ಣು ಮಂಜಾದವೆಂದು ಹೆಣಿಗೆಯನ್ನು ಸೊಸೆಗೆ ಬಿಟ್ಟು ಒಲೆ ಮುಂದೆ ಕೂತಿದ್ದಳು. ಆ ಮನೆಯಲ್ಲಿ ಉಜ್ವಲಾಳ ಮಾತಿಗೊಂದು ತೂಕವಿದ್ದರೆ ಅದು ಆ ಜಡೆಯಿಂದಲೇ.

ಈಗ ಆ ಕೈಯೇ ಕೈಕೊಡತೊಡಗಿತ್ತು. ಹೆಬ್ಬೆರಳು ಜೋಮು ಹಿಡಿಯುತ್ತಿತ್ತು, ಚಹಾದ ಕಪ್ಪು ಜಾರುತ್ತಿತ್ತು. ಕೂತಲ್ಲಿ ಕೂಡಲಾಗದೆ ಎದ್ದು ಕೈ ಕೊಡವುತ್ತಿದ್ದಳು, ಕೂಡುತ್ತಿದ್ದಳು, ಮತ್ತೆ ಏಳುತ್ತಿದ್ದಳು. ಒಂದೇ ಕೆಲಸ ಒಂದೇ ರೀತಿ ಮಾಡಿ ಮಾಡಿ ನರ ಒತ್ತಿಕೊಂಡಿದೆ, ನಡುನಡುವೆ ಬಿಡುವು ಕೊಡಿ ಎಂದು ಡಾಕ್ಟರು ಹೇಳಿದ್ದರು. ಬಿಡುವನ್ನು ಎಲ್ಲಿಂದ ತರಬೇಕು? ಲಗ್ನದ ಹಂಗಾಮು, ಲಕ್ಷ್ಮಣನ ಹೊಸ ಮೊಬೈಲು ಚಪ್ಪಲಿ ಕೊಳ್ಳುವ ಕೊಲ್ಲಾಪುರದ ವ್ಯಾಪಾರಿಯ ಕರೆಗಳಿಂದ ಬೆಳಗಿನಿಂದ ಬಡಿದುಕೊಳ್ಳುತ್ತಿತ್ತು. ಕೈ ಹೋಯಿತೆಂದು ಗೊತ್ತಾದರೆ ಹೆಣಿಗೆ ಇನ್ನೊಬ್ಬರ ಪಾಲು, ತಾನು ಒಲೆಯ ಪಾಲು. ಈ ಹೆದರಿಕೆ ಅವಳನ್ನು ತಿನ್ನುತ್ತಿತ್ತು.

ಅದಕ್ಕೇ ಚಪ್ಪಲಿಗೆ ಮಾಡುವುದನ್ನೇ ಕೈಗೂ ಮಾಡಿದಳು. ಹಸಿ ತೊಗಲು ಒಣಗಿದಂತೆ ಬಿಗಿಯುತ್ತದಲ್ಲ? ನೆನೆಸಿದ ಪಟ್ಟಿಯೊಂದನ್ನು ಮಣಿಕಟ್ಟಿಗೆ ಸುತ್ತಿ, ಗಂಟು ಹಾಕಿ, ಕಾಣದಂತೆ ಬಳೆಗಳನ್ನು ಅದರ ಮೇಲೆಳೆದುಕೊಂಡು ಅಂಗಳದ ಬಿಸಿಲಿಗೆ ಹೆಣೆಯಲು ಕೂತಳು. ಎಂಥ ಹುಚ್ಚು ನೋಡಿ. ಮೊದಲು ಹಾಯೆನಿಸಿತು. ಬಿಸಿಲೇರಿದಂತೆ ಪಟ್ಟಿ ಕಚ್ಚಿತು, ಬೆರಳು ಬಾತು ನೀಲಿಗಟ್ಟಿದವು. ಬಿಚ್ಚಹೋದರೆ ಗಂಟು ಕಲ್ಲಾಗಿತ್ತು. ಹಲ್ಲಿನಿಂದ ಕಚ್ಚಿ ಎಳೆಯುವಾಗ ಅಳು ತಡೆಯಲಾಗಲಿಲ್ಲ.

ಹೊಳೆವ್ವ ಹೊರಗೆ ಬಂದಳು. ತೊಗಲು ಕೊಯ್ಯುವ ರಂಪಿಗೆಯನ್ನು ಎಡಗೈಯಲ್ಲಿ ಹಿಡಿದು, ಪಟ್ಟಿಗೂ ಮೈಗೂ ನಡುವೆ ಅದರ ಮೂಲೆ ತೂರಿಸಿ, ಮೆಲ್ಲಗೆ ಕೊಯ್ದಳು. ಒಂದು ಗೀರೂ ಬೀಳಲಿಲ್ಲ. ತಡೆದಿದ್ದ ರಕ್ತ ಮತ್ತೆ ಓಡಿ ಬೆರಳು ಉರಿಯತೊಡಗಿದಾಗ ಉಜ್ವಲಾಳಿಗೆ ಹೊಳೆಯಿತು.

"ಅತ್ತಿ, ನಿಮಗ ಕಣ್ಣ ಕಾಣ್ತಾವ."

"ಕಣ್ಣಿಗೇನ ಧಾಡಿ? ಹೋಗಿದ್ದು ಕೈ," ಎಂದಳು ಹೊಳೆವ್ವ. "ಕಣ್ಣ ಹೋದ್ರ ವಯಸ್ಸಾತು ಅಂತಾರ. ಕೈ ಹೋದ್ರ ಮೈಗಳ್ಳಿ ಅಂತಾರ."

ಮೊದಲೇ ಹೇಳಬಾರದಿತ್ತೇ ಎಂದು ಉಜ್ವಲಾಳಿಗೆ ಮೈಯೆಲ್ಲ ಉರಿಯಿತು. ಮುದುಕಿಯ ಬಲಗೈ ನೋಡಿದಳು. ಹೆಬ್ಬೆರಳ ಬುಡದ ಮಾಂಸ ಕರಗಿ ಗುಳಿ ಬಿದ್ದಿತ್ತು. ದಿನಾ ರೊಟ್ಟಿ ತಟ್ಟುವ ಆ ಕೈಯನ್ನು ತಾನು ಒಮ್ಮೆಯೂ ನೋಡಿರಲಿಲ್ಲ. ಸಿಟ್ಟು ಇಳಿಯಲಿಲ್ಲ, ಅದರ ಜೊತೆ ಸಂಕಟವೂ ಸೇರಿತು.

ಅಷ್ಟರಲ್ಲಿ ಲಕ್ಷ್ಮಣ ಬಂದು, ಕೊಲ್ಲಾಪುರದವನು ಕೇಳುತ್ತಿದ್ದಾನೆ, ಹೆಣಿಗೆ ಯಾಕೆ ನಿಂತಿದೆ ಎಂದ. ಹೊಳೆವ್ವ ಪಟ್ಟಿಯ ಚೂರನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನಿನ್ನ ಹೆಂಡತಿಗೂ ಕಣ್ಣು ಮಂಜಾಗಾಕತ್ತಾವಪಾ ಎಂದು ಶುರುಮಾಡಿದಳು.

ಉಜ್ವಲಾ ಬಾತ ಕೈಯನ್ನು ಗಂಡನ ಮುಂದೆ ಚಾಚಿದಳು. ಇನ್ನೊಂದರಿಂದ ಅತ್ತೆಯ ಬಲಗೈ ಎಳೆದು ಅದರ ಪಕ್ಕಕ್ಕೆ ಹಿಡಿದಳು.

"ಕಣ್ಣಲ್ಲ, ಕೈ," ಎಂದಳು. "ನಂದೂ, ನಿಮ್ಮವ್ವಂದೂ. ನೋಡ್ರಿ."

ಮೊಬೈಲು ಮತ್ತೆ ಬಡಿದುಕೊಂಡಿತು. ಲಕ್ಷ್ಮಣ ಎರಡೂ ಕೈ ನೋಡುತ್ತ ನಿಂತ, ಕರೆ ಎತ್ತಲಿಲ್ಲ.