ನಕ್ಕರೆ ಮಾತ್ರ ಫೋಟೋ

"ನಗಮ್ಮ, ಇನ್ನೊಂಚೂರು ನಗು. ನೀನು ನಗದಿದ್ರೆ ಇದು ಕ್ಲಿಕ್ ಅನ್ನಲ್ಲ" ಎಂದು ಮ್ಯಾನೇಜರು ಗೋಗರೆಯುತ್ತಿದ್ದಾಗ ನನ್ನ ಅಕ್ಕನ ಎಡಗೆನ್ನೆ ಕಿವಿಯಿಂದ ಗದ್ದದವರೆಗೆ ಬೆಂದಿತ್ತು. ಕೆನ್ನೆಯ ಮೇಲೆ ಬೊಬ್ಬೆ ಎದ್ದಿತ್ತು, ಬಾಯಿಂದ ಮಾತ್ರ ಬೊಬ್ಬೆ ಬಂದಿರಲಿಲ್ಲ. ಅವಳು ಹಾಗೇ. ತುಟಿ ಎಳೆದು ಹಲ್ಲು ತೋರಿಸಿದಳು. ಕ್ಯಾಮೆರಾ ಕೃಪೆಯಿಟ್ಟು ಕ್ಲಿಕ್ ಅಂದಿತು.

ಆಸ್ಪತ್ರೆ, ಹೋಟೆಲುಗಳ ಹಾಸುಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ನಮ್ಮದು. ನಮ್ಮದು ಅಂದರೆ ಬೆವರು ನಮ್ಮದು, ಲಾಂಡ್ರಿ ಇನ್ಯಾರದೋ. ಅಕ್ಕ ಹಬೆಯ ಇಸ್ತ್ರಿ ಯಂತ್ರದ ಮುಂದೆ, ನಾನು ಮೂಟೆಗಳು ಬಂದು ಹೋಗುವ ಕೌಂಟರಿನಲ್ಲಿ. ಅವಳ ಯಂತ್ರಕ್ಕೆ ಹಬೆ ತರುವ ಕೊಳವೆಯ ಜೋಡಣೆ ಸಡಿಲಗೊಂಡಿತ್ತು. ಹೇಳಿ ಹೇಳಿ ಸಾಕಾಗಿ ಸುಮ್ಮನಾದ ವಾರವೇ ಅದು ಅವಳ ಮುಖಕ್ಕೆ ಉಗುಳಿತು. ಗಾಯದ ಫೋಟೋ ಹೆಡ್ ಆಫೀಸಿಗೆ ಹೋಗದೆ ಯಾವ ಯಂತ್ರವೂ ರಿಪೇರಿಯಾಗದು ಎಂಬುದು ಇಲ್ಲಿಯ ಕಾನೂನು.

ಫೋಟೋ ತೆಗೆಯುವ ಹಕ್ಕು ಮ್ಯಾನೇಜರೊಬ್ಬರದೇ. ವಾರ್ಷಿಕೋತ್ಸವಕ್ಕೆಂದು ತರಿಸಿದ ಪುಟ್ಟ ಕ್ಯಾಮೆರಾ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಗುಂಡಿ ಒತ್ತಿದರೆ ಆಮೆಯ ಕತ್ತಿನಂತೆ ಲೆನ್ಸು ಉದ್ದಕ್ಕೆ ಹೊರಬರುತ್ತದೆ. ಮಹಡಿಯ ಗಾಜಿನ ಕ್ಯಾಬಿನ್ನಿನಲ್ಲಿ ಕೂತು ಅವರು ಅದರಲ್ಲಿ ಕೆಳಗಿನ ಹಾಲನ್ನೆಲ್ಲ ಇಣುಕುತ್ತಾರೆ. ನಾವು ಆಕಳಿಸಿದರೆ ದವಡೆ ಹಲ್ಲು ಹುಳುಕಾಗಿದೆಯೋ ಇಲ್ಲವೋ ಅವರಿಗೆ ಗೊತ್ತು. ದೂರವನ್ನು ಹತ್ತಿರ ತರುವ ಆ ಕ್ಯಾಮೆರಾ ದೂರನ್ನು ಮಾತ್ರ ದೂರವೇ ಇಟ್ಟಿತ್ತು.

ಸೋಮವಾರ ಹೆಡ್ ಆಫೀಸಿನ ಉತ್ತರ ಬಂತು. ಮ್ಯಾನೇಜರು ನಮ್ಮಿಬ್ಬರನ್ನೂ ಮೇಲೆ ಕರೆಸಿ ಓದಿದರು. ಅವರ ದನಿಯನ್ನು ನಾನು ಊಟದ ಹೊತ್ತಿಗೆ ದಿನಾ ಅನುಕರಿಸುತ್ತೇನೆ. ಮೂಗಿನಲ್ಲಿ ಅರ್ಧ, ಗಂಟಲಲ್ಲಿ ಅರ್ಧ, ನಡುವೆ ಒಂದು ಸಣ್ಣ ಕೆಮ್ಮು.

"ಫೋಟೋ ಪರಿಶೀಲಿಸಲಾಗಿದೆ, ಹ್ಞಂ. ಗಾಯ ಕಂಡುಬರುವುದಿಲ್ಲ. ಕೆನ್ನೆಯಲ್ಲಿ ಕಾಣುವುದು ಅಲಂಕಾರದ ಬಣ್ಣವಿರಬಹುದು. ನೌಕರರು ಸಂತೋಷವಾಗಿದ್ದಾರೆ. ಯಂತ್ರ ನಿಲ್ಲಿಸುವ ಅಗತ್ಯವಿಲ್ಲ." ಅಕ್ಕನ ಕಡೆ ತಿರುಗಿದರು. "ಈಗ್ಲೇ ಹೋಗಿ ಮಷೀನ್ ಶುರು ಮಾಡಮ್ಮ. ಇಲ್ದಿದ್ರೆ ಕೆಲ್ಸ ಬಿಟ್ಟು ಹೋದೆ ಅಂತ ಬರ್ಕೋಬೇಕಾಗುತ್ತೆ."

ಸುಟ್ಟಿದ್ದು ಅವಳ ಕೆನ್ನೆ, ಉರಿದದ್ದು ನನ್ನ ಮೈಯೆಲ್ಲ.

"ಸಾರ್, ಇವ್ಳನ್ನ ನೋಡಿ. ಎದುರಿಗೇ ನಿಂತಿದ್ದಾಳೆ."

"ನಾನು ನೋಡಿ ಏನಪ್ಪ ಪ್ರಯೋಜನ? ಅವ್ರು ನೋಡೋದು ಫೋಟೋನ. ಫೋಟೋ ಸುಳ್ಳು ಹೇಳುತ್ತಾ?"

"ಕ್ಯಾಮೆರಾ ಕೊಡಿ ಇಲ್ಲಿ."

ಕೇಳಿದ ಧಾಟಿಗೆ ಬೆರಗಾಗಿಯೋ ಏನೋ, ಕೊಟ್ಟುಬಿಟ್ಟರು. ಪರದೆಯ ಮೂಲೆಯಲ್ಲಿ ಹಲ್ಲು ಬಿಟ್ಟ ದುಂಡು ಮುಖದ ಗುರುತು, ಅದರ ಪಕ್ಕ ಮಿನುಗುವ ಚುಕ್ಕಿಯ ಗುರುತು. ಮೊದಲನೆಯದು ಎದುರಿನ ಮುಖ ನಕ್ಕಾಗಷ್ಟೇ ಫೋಟೋ ಹೊಡೆಯುವ ಮೋಡು. ಎರಡನೆಯದು ಚರ್ಮದ ಕಲೆಗಳನ್ನು ಒರೆಸಿ ನುಣುಪು ಮಾಡುವ ಮೋಡು. ವಾರ್ಷಿಕೋತ್ಸವದ ದಿನ ಯಾರೋ ಹಾಕಿದ್ದನ್ನು ಇವರು ಇಂದಿಗೂ ತೆಗೆದಿಲ್ಲ. ನಗದೆ ಫೋಟೋ ಬರುವುದೇ ಇಲ್ಲ, ಹೊಸ ಕ್ಯಾಮೆರಾಗಳ ಜಾಯಮಾನವೇ ಅದು ಎಂದು ನಂಬಿಕೊಂಡಿದ್ದಾರೆ.

ಹಿಂದಿನ ಫೋಟೋಗಳನ್ನು ಸರಿಸಿದೆ. ಬೆರಳು ಜಜ್ಜಿಕೊಂಡ ಬಾಯ್ಲರ್ ಮಾವ ಹೆಬ್ಬೆರಳು ಎತ್ತಿ ನಗುತ್ತಿದ್ದಾರೆ. ಸೋಪು ನೀರಲ್ಲಿ ಜಾರಿ ಮಣಿಕಟ್ಟು ಮುರಿದ ಬಟ್ಟೆ ಮಡಿಸುವ ವಿಭಾಗದ ಚಿಕ್ಕಮ್ಮ ನಗುತ್ತಿದ್ದಾಳೆ. ಕಣ್ಣಿಗೆ ಬ್ಲೀಚು ಬಿದ್ದವನು ಒಂದೇ ಕಣ್ಣಲ್ಲಿ ನಗುತ್ತಿದ್ದಾನೆ. ಎಲ್ಲರ ಕೆನ್ನೆಯೂ ಈಗಷ್ಟೇ ಇಸ್ತ್ರಿಯಾದ ದಿಂಬಿನ ಚೀಲದಷ್ಟು ನುಣುಪು. ಯಾರದೋ ಮದುವೆಯ ಆಲ್ಬಮ್ಮಿನಂತಿತ್ತು.

"ಯಂತ್ರದ್ದು ಒಂದೂ ಫೋಟೋ ಇಲ್ವಲ್ಲ ಸಾರ್?"

"ಎಷ್ಟು ಸಲ ಪ್ರಯತ್ನ ಪಟ್ಟಿದೀನಿ. ಹೊಡಿಯೋದೇ ಇಲ್ಲ ಅದು."

"ಹೇಗೆ ಹೊಡಿಯುತ್ತೆ ಸಾರ್? ಯಂತ್ರಕ್ಕೆ ಹಲ್ಲಿದೆ, ನಗು ಇಲ್ಲ."

ಎರಡು ಮೋಡನ್ನೂ ತೆಗೆದು ಮಾಮೂಲಿಗೆ ತಂದೆ. ಅಕ್ಕನ ಮುಖವನ್ನು ಅದು ಇದ್ದ ಹಾಗೆ ತೆಗೆದೆ. ಗಾಜಿನ ಹತ್ತಿರ ಹೋಗಿ ಲೆನ್ಸನ್ನು ಪೂರ್ತಿ ಎಳೆದು ಕೊಳವೆಯ ಜೋಡಣೆಗೆ ಹಿಡಿದೆ. ಬಿಳಿ ಹಬೆ ಚೀರಿ ಹೊರಬರುವುದು ಸ್ಪಷ್ಟವಾಗಿ ಬಂತು.

"ಇದನ್ನ ಕಳ್ಸಿ."

ಮ್ಯಾನೇಜರು ಪರದೆಯನ್ನು ತುಂಬ ಹೊತ್ತು ನೋಡಿದರು. ಅವರಿಗೂ ಕಂಡಿತು. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. "ಒಮ್ಮೆ ಗಾಯ ಇಲ್ಲ ಅಂತ ತೀರ್ಮಾನ ಆಗಿದೆ" ಎಂದರು ಮೆಲ್ಲಗೆ. "ಈಗ ಇದನ್ನ ಕಳ್ಸಿದ್ರೆ ಇಷ್ಟು ವರ್ಷದ್ದೆಲ್ಲ ಯಾಕೆ ಹಾಗಿತ್ತು ಅಂತ ಕೇಳ್ತಾರಪ್ಪ. ನನ್ನ ಪರಿಸ್ಥಿತಿನೂ ನೋಡು."

"ನೋಡೋಕೆ ನಿಮ್ಮ ಹತ್ರ ಜೂಮ್ ಇದೆಯಲ್ಲ ಸಾರ್, ನಮ್ಮ ಹತ್ರ ಇಲ್ಲ."

ಅಕ್ಕ ನನ್ನ ಕೈಯಿಂದ ಕ್ಯಾಮೆರಾ ತೆಗೆದುಕೊಂಡಳು. "ನೀನು ಸುಮ್ನಿರೋ, ಮಾತಿನ ಮಲ್ಲ" ಎಂದಳು. ಮೆಟ್ಟಿಲು ಇಳಿದಳು. ಮ್ಯಾನೇಜರು "ಏಯ್, ಅದು ಆಫೀಸಿಂದು" ಎನ್ನುತ್ತ ಹಿಂದೆ ಬಂದರು. ಅವರ ಹಿಂದೆ ನಾನು.

ಮೊದಲು ಬಾಯ್ಲರ್ ಮಾವನಿಗೆ ತೋರಿಸಿದಳು. ಅವರು ಕನ್ನಡಕ ಏರಿಸಿ ತಮ್ಮ ನಗುಮುಖವನ್ನು ನೋಡಿ, "ಅವತ್ತು ನನ್ನ ಜೀವ ಹೋಗ್ತಿತ್ತು ಕಣಮ್ಮ. ಇದೇನಿದು, ನಾಟಕದ ರಾಜನ ಹಾಗೆ ನಿಂತಿದೀನಿ" ಎಂದರು. ಅಲ್ಲಿಂದ ಚಿಕ್ಕಮ್ಮನ ಕೈಗೆ. ಅವಳು ನೋಡುತ್ತ ನೋಡುತ್ತ ಬಾಯಿಗೆ ಸೆರಗು ಒತ್ತಿಕೊಂಡಳು. "ನಗ್ಸಿದ್ದು ಇದಕ್ಕಾ? ನಾನು ಧೈರ್ಯ ತುಂಬ್ತಿದಾರೆ ಅಂದ್ಕೊಂಡಿದ್ದೆ." ಕ್ಯಾಮೆರಾ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ತಮ್ಮ ನಗುವನ್ನು ದೊಡ್ಡದು ಮಾಡಿ ನೋಡಿಕೊಂಡರು. ಯಾರ ಮುಖದಲ್ಲೂ ಈಗ ನಗು ಇರಲಿಲ್ಲ.

"ಎಲ್ರೂ ಕೆಲ್ಸ ನೋಡಿ" ಎಂದರು ಮ್ಯಾನೇಜರು. ದನಿ ನನ್ನ ಅನುಕರಣೆಗಿಂತ ಸಪ್ಪೆಯಾಗಿತ್ತು.

ಬಾಯ್ಲರ್ ಮಾವ ಗೋಡೆಯ ಹತ್ತಿರ ಹೋಗಿ ಹಬೆ ಬಿಡುವ ದೊಡ್ಡ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ತಿರುವಿದರು. ಹಬೆಯ ಚೀರಾಟ ತೆಳ್ಳಗಾಗಿ ನಿಂತಿತು. ಆ ಹಾಲಿನಲ್ಲಿ ಮನುಷ್ಯರ ಉಸಿರಿನ ಶಬ್ದ ನಾನು ಕೇಳಿದ್ದು ಅದೇ ಮೊದಲು.

"ಯಾರನ್ನ ಕೇಳಿ ನಿಲ್ಸಿದ್ದು? ಬಿಟ್ಟು ಹೋದ್ರು ಅಂತ ಬರ್ಕೋತೀನಿ."

"ಜೋಡಣೆ ಸರಿಮಾಡೋರು ಬರ್ಲಿ, ತೆರಿತೀನಿ" ಎಂದರು ಮಾವ. "ಅಲ್ಲೀವರೆಗೆ ಬಿಟ್ಟು ಹೋದ್ರು ಅಂತ ನಮ್ಮೆಲ್ರದ್ದೂ ಬರ್ಕೊಳಿ."

ಅಕ್ಕ ಸ್ಟೂಲನ್ನು ತನ್ನ ಯಂತ್ರದಿಂದ ದೂರಕ್ಕೆ ಎಳೆದು ಕೂತಳು. ಚಿಕ್ಕಮ್ಮ ಒದ್ದೆ ಬಟ್ಟೆ ಹಿಂಡಿ ಅವಳ ಕೆನ್ನೆಗೆ ಹಿಡಿದಳು. ಮ್ಯಾನೇಜರು ಕೈಚಾಚಿ ಕ್ಯಾಮೆರಾ ಕೇಳಿದರು.

"ಆ ಎರಡು ಫೋಟೋ ಹೋದ ಮೇಲೆ" ಎಂದಳು ಅಕ್ಕ. "ನಿಮ್ಮ ಕಂಪ್ಯೂಟರಿಂದಲೇ ಕಳ್ಸಿ. ನಾವು ಪಕ್ಕದಲ್ಲಿ ನಿಂತಿರ್ತೀವಿ."

ಅವರು ತಣ್ಣಗಾಗುತ್ತಿದ್ದ ಕೊಳವೆಯನ್ನು ಒಮ್ಮೆ, ನಮ್ಮನ್ನೆಲ್ಲ ಒಮ್ಮೆ ನೋಡಿ ಮೆಟ್ಟಿಲು ಹತ್ತತೊಡಗಿದರು. ನಾವೆಲ್ಲರೂ ಅವರ ಹಿಂದೆಯೇ ಹತ್ತಿದೆವು.