ಹೂ ಇದ್ದರೆ ಕೇಸು

ಮುಂಬಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ ಶೈಲೇಶ ಬೈಂದೂರಿನ ತನ್ನ ಭಾವ ಕರಿಯನಿಗೆ ಒಂದು ಅಂಗಿ ಕಳಿಸಿದ್ದ. ಜೇಬಿನ ಮೇಲೆ ಹಸಿರು ದಾರದ ಏಳು ಬೆರಳಿನ ಎಲೆ. ಎಂಥ ಸೆಕೆಗೂ ಮೈಗೆ ತಂಪು. ಕರಿಯ ಅದನ್ನು ಮೀನು ಹರಾಜಿಗೂ ಹಾಕಿದ, ಮದುವೆಯೂಟಕ್ಕೂ ಹಾಕಿದ, ಒಗೆಯಲು ಕೇಳಿದರೆ ಮುಖ ಗಂಟಿಕ್ಕಿದ.

ಮಗಳು ಮೋಕ್ಷಿತಾಳನ್ನು ನೋಡಲು ಬಾರ್ಕೂರಿನವರು ಬರುವ ದಿನವೇ ಶೈಲೇಶ ಫೋನಿನಲ್ಲಿ ನಗುತ್ತಾ ಬಾಯಿಬಿಟ್ಟ. ಅದು ಗಾಂಜಾ ಗಿಡದ ನಾರಿನ ಬಟ್ಟೆಯಂತೆ, ಎಲೆಯೂ ಅದರದ್ದೇ ಅಂತೆ. ಕರಿಯನ ಹೆಂಡತಿ ಪದ್ದು ಫೋನಿಟ್ಟವಳೇ ಗಂಡನ ಹತ್ತಿರ ಓಡಿದಳು. ಹುಡುಗನ ಅಪ್ಪ ಚಂದಯ್ಯ ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಹುಡುಗನನ್ನು ಮೋಕ್ಷಿತಾ ಮೊದಲೇ ಮೆಚ್ಚಿಯಾಗಿತ್ತು. ಸಂಬಂಧ ತಪ್ಪಿದರೆ ಅವಳು ಯಾರನ್ನೂ ಸುಮ್ಮನೆ ಬಿಡುವವಳಲ್ಲ.

"ಅಂಗಿ ಬದಲ್ ಮಾಡಿ ಮರಾಯ್ರೆ," ಎಂದಳು ಪದ್ದು.

"ಬೇರೆ ಹಾಕ್ರೆ ಮೈ ತುರ್ಸತ್ತ್," ಎಂದ ಕರಿಯ.

ಹಟಮಾರಿ ಗಂಡನ ಜೊತೆ ವಾದಿಸಿ ಯಾರು ಉದ್ಧಾರವಾಗಿದ್ದಾರೆ? ಅವನನ್ನು ಹಾಗೇ ನಿಲ್ಲಿಸಿ, ಎಲೆಯ ಮೇಲೆ ಕೆಂಪು ದಾರದಲ್ಲಿ ದಾಸವಾಳ ಹೊಲಿದಳು. ಎಲೆಯ ತುದಿಗಳು ಸುತ್ತಲೂ ಇಣುಕುತ್ತಿದ್ದವು. ಅಷ್ಟರಲ್ಲಿ ಅಂಗಳದಲ್ಲಿ ರಿಕ್ಷಾ ನಿಂತಿತು.

ಚಂದಯ್ಯ ಗೋಳಿಬಜೆ ತಿನ್ನುತ್ತಾ ಜೇಬನ್ನೇ ನೋಡಿದ. "ಹ್ವಾಯ್, ಇದೆಂತ?"

"ದಾಸಾಳ," ಎಂದಳು ಪದ್ದು.

"ಅಡಿಯಂಗೆ ಇಪ್ಪುದ್?"

ಹೂವಿನ ಕೆಳಗೆ ಇಣುಕುತ್ತಿದ್ದ ಎಲೆಗೆ ಬೆರಳಿಟ್ಟು, ಜೇಬಿನ ಬಟ್ಟೆ ಉಜ್ಜಿ ನೋಡಿ ಚಂದಯ್ಯ ತಾನೇ ಮುಂದುವರಿಸಿದ.

"ದಂಟಿನ ನಾರಿಗೆ ಕೇಸಿಲ್ಲ. ಬರೀ ಎಲಿಗೂ ಇಲ್ಲ. ಎಲಿ ಒಟ್ಟಿಗೆ ಹೂಗ್ ಸೇರ್ರೆ ಮಾತ್ರ ಅದ್ ಗಾಂಜಾ. ಈ ಅಂಗಿ ಇಷ್ಟೊತ್ತಿನ ತನ್ಕ ಸಾಚಾ ಇದ್ದಿತ್ತ್. ಕಾಣಿ, ಸೂಜಿ ಇನ್ನೂ ನೇತಾಡತ್ತ್."

ಪದ್ದು ಅಳುವುದೊಂದು ಬಾಕಿ. ಕರಿಯ ಎರಡೂ ಕೈಯಲ್ಲಿ ಜೇಬು ಮುಚ್ಚಿಕೊಂಡ. ಚಹಾ ಹಿಡಿದು ನಿಂತಿದ್ದ ಮೋಕ್ಷಿತಾ ತಟ್ಟೆ ಕೆಳಗಿಟ್ಟಳು, ಕತ್ತರಿ ತಂದಳು, ಅಪ್ಪನ ಕೈ ಸರಿಸಿ ದಾಸವಾಳವನ್ನು ಕಚಕಚ ಕತ್ತರಿಸಿ ತೆಗೆದಳು.

"ಈಗ ಕೇಸ್ ಎಲ್ಲಿತ್ತ್, ಮಾವ?"

ಇನ್ನೂ ಯಾರೂ ಒಪ್ಪಿಗೆ ಕೊಟ್ಟಿರಲಿಲ್ಲ, ಮಾವ ಅಂದೇಬಿಟ್ಟಿದ್ದಳು. ಚಂದಯ್ಯ ಮಗನ ಕಡೆ ತಿರುಗಿದ. "ಪೊಲೀಸ್ರ ಎದುರೇ ಸಾಕ್ಷಿ ನಾಶ ಮಾಡ್ದ್ ಹೆಣ್, ಮಗಾ. ಯೋಚ್ನೆ ಮಾಡ್."

ಮಗ ಯೋಚನೆ ಮಾಡುವ ಸ್ಥಿತಿಯಲ್ಲಿರಲಿಲ್ಲ, ಅವಳನ್ನೇ ನೋಡಿ ನಗುತ್ತಿದ್ದ.

ಚಂದಯ್ಯ ಅಂಗಿಯ ತೋಳನ್ನು ಬೆರಳಲ್ಲಿ ಸವರಿ, ಕರಿಯನ ಕಿವಿಯ ಹತ್ತಿರ ಬಗ್ಗಿದ. "ನಿಶ್ಚಿತಾರ್ಥಕ್ಕೆ ನಂಗೂ ಒಂದ್ ತರ್ಸಿ. ಹೂಗ್ ಬೇಡ."