ತಗ್ಗಿದ ಸ್ವರ

ಟಿಣ್.

ನಡುರಾತ್ರಿಯಲ್ಲಿ ಕೇಳಿದ ಈ ಸಣ್ಣ ಸದ್ದೇ ನನ್ನ ಹುಟ್ಟು. ನಾನು ಒಂದು ಶ್ರುತಿಕವೆ, ಜನ ಟ್ಯೂನಿಂಗ್ ಫೋರ್ಕ್ ಎನ್ನುತ್ತಾರೆ. ಎರಡು ಉಕ್ಕಿನ ಕಾಲು, ಒಂದು ಹಿಡಿ, ಅಷ್ಟೇ ನನ್ನ ಮೈ. ಮೊಣಕಾಲಿಗೆ ತಟ್ಟಿ ಕಿವಿಯ ಬಳಿ ಹಿಡಿದರೆ ಒಂದೇ ಒಂದು ಸ್ವರ ಕೊಡುತ್ತೇನೆ. ಹಾಡುವವರು ಅದನ್ನು ಹಿಡಿದು ಹಾಡು ಎತ್ತಿಕೊಳ್ಳುತ್ತಾರೆ.

ನಾನು ಹುಟ್ಟಿದ ಕಾರ್ಖಾನೆಯಲ್ಲಿ ಹಗಲೆಲ್ಲ ಯಂತ್ರಗಳ ಗದ್ದಲ. ಹಾಗಾಗಿ ಸ್ವರ ತಿದ್ದುವ ಮುದುಕ ರಾತ್ರಿಯೇ ಕೂರುತ್ತಿದ್ದ. ಕಾಲಿನ ತುದಿಗೆ ಅರ ಹಾಕಿದರೆ ಸ್ವರ ಏರುತ್ತದೆ. ಎರಡು ಕಾಲು ಸೇರುವ ಬುಡಕ್ಕೆ ಹಾಕಿದರೆ ಇಳಿಯುತ್ತದೆ. ಅವನು ಉಜ್ಜಿದ, ತಟ್ಟಿದ, ಆಲಿಸಿದ, ಮತ್ತೆ ಉಜ್ಜಿದ. ಪ್ರತಿ ಸಲವೂ ನೋಯುತ್ತಿತ್ತು. ಕೊನೆಗೆ ತಲೆಯಾಡಿಸಿ, ಮೈಮೇಲೆ ನನ್ನ ಸ್ವರದ ಅಂಕಿ ೪೪೦ ಎಂದು ಅಚ್ಚೊತ್ತಿದ. ಇನ್ನು ನನ್ನನ್ನು ಯಾರೂ ತಿದ್ದಬೇಕಾಗಿಲ್ಲ, ತಿದ್ದುವುದು ನನ್ನ ಕೆಲಸ ಎಂದುಕೊಂಡೆ.

ಹುಬ್ಬಳ್ಳಿಯ ಒಂದು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕೆಲವು ವರ್ಷ ಮಲಗಿದ್ದೆ. ಪಾದ್ರಿಯೊಬ್ಬರು ನನ್ನನ್ನು ಕೊಂಡರು. ಗದಗಿನ ಕಡೆಯ ಒಂದು ಸಣ್ಣ ಕ್ರೈಸ್ತ ಸಭೆಯಿಂದ ಅವರು ವರ್ಗವಾಗಿ ಹೋಗುವಾಗ ನನ್ನನ್ನು ಅಲ್ಲಿಯ ಗಾಯನ ಮಂಡಳಿಗೆ ಬಿಟ್ಟುಹೋದರು. ಮಂಡಳಿಯನ್ನು ನಡೆಸುತ್ತಿದ್ದವರು ನತಾನಿಯೇಲ ಮಾಸ್ತರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಚರ್ಚಿನ ಹಾರ್ಮೋನಿಯಂನ ತಿದಿಯನ್ನು ಇಲಿ ಕಡಿದುಹಾಕಿದ್ದರಿಂದ ಅಲ್ಲಿ ನನ್ನ ಮಾತೇ ಕೊನೆಯ ಮಾತು.

ಹೆಂಗಸರ ಸಾಲಿನ ತುದಿಯಲ್ಲಿ ಲೇಯವ್ವ ನಿಲ್ಲುತ್ತಿದ್ದಳು. ಆಸ್ಪತ್ರೆಯಲ್ಲಿ ಆಯಾ, ಗಂಡನಿಲ್ಲ. ಅವಳ ಕಿವಿ ಎಂಥದ್ದೆಂದರೆ, ನನ್ನನ್ನು ತಟ್ಟುವ ಮೊದಲೇ ನನ್ನ ಸ್ವರವನ್ನು ಗುನುಗಿಬಿಡುತ್ತಿದ್ದಳು.

“ತಡೀರಿ ಮಾಸ್ತರ್ರ, ಮೊದಲ ಲೇಯವ್ವನ್ನ ಬಾರಿಸೂಣು, ಆಮ್ಯಾಲೆ ಫೋರ್ಕ್ ಬಾರಸ್ರಿ!” ಎಂದು ದಪ್ಪ ದನಿಯ ಇಮಾನುವೇಲ ಕೂಗುತ್ತಿದ್ದ. ಅವಳು ಗುನುಗುವಳು, ನಾನು ನುಡಿಯುವೆ, ಎರಡೂ ಒಂದೇ. ಎಲ್ಲರೂ ನಗುವರು. ವಾರವೆಲ್ಲ ಪರರ ಹೊಲಸು ಬಳಿಯುವ ಆ ಹೆಂಗಸಿನ ಮುಖ ಆಗ ಅರಳುತ್ತಿತ್ತು. ತನ್ನದೆಂದು ಹೇಳಿಕೊಳ್ಳಲು ಅವಳಿಗೆ ಆ ಕಿವಿಯೊಂದೇ ಇತ್ತು.

ಒಂದು ಮಳೆಗಾಲ ನನಗೆ ತುಕ್ಕು ಹತ್ತಿತು. ಕ್ರಿಸ್‌ಮಸ್ಸಿಗೆ ನಾನು ಹೊಳೆಯಬೇಕೆಂದು ಮಾಸ್ತರು ಎರಡು ಸಂಜೆ ಕೂತು ನನ್ನ ಬುಡಕ್ಕೆ ಅರ ಹಾಕಿದರು. ತುಕ್ಕೆಲ್ಲ ಹೋಯಿತು. ಕನ್ನಡಿಯಂತಾದೆ.

ಮುಂದಿನ ಅಭ್ಯಾಸದಲ್ಲಿ ಲೇಯವ್ವ ಗುನುಗಿದಳು. ನಾನು ನುಡಿದೆ. ಅವಳು ಹುಬ್ಬು ಗಂಟಿಕ್ಕಿದಳು.

“ಸರ್ರ, ಸ್ವರಾ ತಗ್ಗೈತ್ರಿ.”

“ಯಾರ್ದು?”

“ಫೋರ್ಕಿಂದ್ರಿ.”

ಇಮಾನುವೇಲ ಹೊಟ್ಟೆ ಹಿಡಿದುಕೊಂಡು ನಕ್ಕ. “ಉಕ್ಕಿನ ಕೂಡ ಜಗಳಾ ತಗೀತಿಯಲ್ಲ ಬೇ! ನಾಳೆ ಗಡಿಯಾರಕ್ಕ ಟೈಮ್ ಹೇಳಿಕೊಡಾಕಿ ನೀ.”

“ಒಮ್ಮೆ ಬ್ಯಾರೆ ಯಾವುದರ ಕೂಡರ ಹಚ್ಚಿ ನೋಡ್ರಿ ಸರ್ರ,” ಎಂದಳು ಅವಳು ಮೆಲ್ಲಗೆ.

ಮಾಸ್ತರು ನಗಲಿಲ್ಲ. “ಸ್ವರಾ ತಗ್ಗಿಲ್ಲ ಲೇಯವ್ವ, ನೀ ತಗ್ಗವಲ್ಲಿ. ತಿದ್ದಿದಾಗ ತಿದ್ದಿಸಿಕೊಳ್ಳಾಕ ಬರಬೇಕು ವಿಶ್ವಾಸಿಗೆ.”

ಆ ಸಭೆಯಲ್ಲಿ ತಗ್ಗುವುದು ಎಂದರೆ ದೊಡ್ಡ ಮಾತು. ದೇವರ ಮುಂದೆ ತನ್ನನ್ನು ತಗ್ಗಿಸಿಕೋ ಎಂದರೆ ಯಾರು ತಾನೆ ಎದುರಾಡಿಯಾರು?

ನಾನೂ ಮಾಸ್ತರ ಪಕ್ಷವೇ. ನನಗೆ ಏನೂ ಬದಲಾದಂತೆ ಅನಿಸಿರಲಿಲ್ಲ. ಅವರವರ ಸ್ವರ ಅವರವರಿಗೆ ಸರಿಯಾಗಿಯೇ ಕೇಳಿಸುತ್ತದೆ. ಇದು ನನಗೆ ಬಹಳ ತಡವಾಗಿ ತಿಳಿಯಿತು.

ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಭಾನುವಾರ ಬಂತು. ಮನಸ್ತಾಪವಿದ್ದವರು ಮೊದಲು ಸಮಾಧಾನವಾಗಿ, ಆಮೇಲೆ ರೊಟ್ಟಿ ಮುಟ್ಟಬೇಕು ಎಂಬುದು ಅಲ್ಲಿಯ ಪದ್ಧತಿ. ಲೇಯವ್ವ ಎಲ್ಲರ ಮುಂದೆ ಬಂದು ಕೈಮುಗಿದಳು.

“ನಂದ ತಪ್ಪಾತ್ರಿ ಸರ್ರ. ನನ್ನ ಕಿವ್ಯಾಗ ಗರ್ವ ಹೊಕ್ಕಿತ್ತು.”

ಮಾಸ್ತರು ಅವಳ ತಲೆಯ ಮೇಲೆ ಕೈಯಿಟ್ಟು ಕ್ಷಮಿಸಿದರು. ನಾನು ಅವರ ಅಂಗಿಯ ಜೇಬಿನಲ್ಲಿದ್ದೆ.

ಆಮೇಲೆ ಹಾಡುವಾಗ ಅವಳ ತುಟಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ. ಮೂರು ತಿಂಗಳಲ್ಲಿ ಹಾಡುವವರ ಸಾಲನ್ನೇ ಬಿಟ್ಟು ಹಿಂದಿನ ಬೆಂಚಿಗೆ ಹೋದಳು.

ಒಂದು ಮಧ್ಯಾಹ್ನ ಮಾಸ್ತರು ನನ್ನನ್ನು ಶಾಲೆಯ ಪ್ರಯೋಗಾಲಯಕ್ಕೆ ಒಯ್ದರು. ಅಲ್ಲಿ ನನ್ನದೇ ಅಂಕಿಯ ಎರಡು ಕವೆಗಳಿದ್ದವು. ಅವು ಸರಿಯಾಗಿವೆಯೇ ಎಂದು ನನ್ನಿಂದ ಪರೀಕ್ಷಿಸುವುದು ಅವರ ಉದ್ದೇಶ. ಒಂದನ್ನೂ ನನ್ನನ್ನೂ ಒಟ್ಟಿಗೆ ತಟ್ಟಿದರು. ಒಂದೇ ಆಗಿ ಹರಿಯಬೇಕಾದ ಸ್ವರ ವೊಂ, ವೊಂ, ವೊಂ ಎಂದು ನಡುಗಿತು. ಇನ್ನೊಂದರ ಜೊತೆಗೂ ಹಾಗೆಯೇ. ಆಮೇಲೆ ಆ ಎರಡನ್ನೇ ತಟ್ಟಿದರು. ಕೂದಲೆಳೆಯಷ್ಟೂ ನಡುಕವಿಲ್ಲ. ತಗ್ಗಿದ್ದು ನಾನೇ.

ಅವರು ತಾವೇ ಅರ ಹಾಕಿದ್ದ ನನ್ನ ಬುಡವನ್ನು ಹೆಬ್ಬೆರಳಿನಿಂದ ಸವರಿದರು. ವಿಜ್ಞಾನದ ಮಾಸ್ತರು, ಅಷ್ಟು ಸಾಕಾಗಿತ್ತು.

ಅದೇ ಸಂಜೆ ಲೇಯವ್ವ ಅವರ ಮನೆಗೆ ಬಂದಳು.

“ಡಾಕ್ಟರ್ಗೆ ತೋರಿಸಿದ್ನಿರಿ. ಕಿವಿ ಛಲೋ ಅದಾವ ಅಂತಾರ. ಹಂಗಾದ್ರ ನನ್ನ ಆತ್ಮನ ಕೆಟ್ಟಿರಬೇಕು, ಅಲ್ಲೇನ್ರಿ? ಖರೆ ಯಾವುದು, ಸುಳ್ಳು ಯಾವುದು, ಒಂದೂ ತಿಳೀವಲ್ದು. ನನ್ನ ಸಲುವಾಗಿ ಪ್ರಾರ್ಥನಾ ಮಾಡ್ರಿ ಸರ್ರ.”

ಅವರ ಕೈ ಜೇಬಿಗೆ ಹೋಗಿ ನನ್ನನ್ನು ಬಿಗಿಯಾಗಿ ಹಿಡಿಯಿತು. ಈಗ ತೆಗೆಯುತ್ತಾರೆ ಎಂದು ಕಾದೆ. ಕೈ ಬರಿದಾಗಿ ಹೊರಗೆ ಹೋಯಿತು. ಈ ಸಹೋದರಿಗೆ ದೀನ ಮನಸ್ಸು ಕೊಡು ಎಂದು ಅವರು ಪ್ರಾರ್ಥಿಸಿದರು. ಅವಳು ಆಮೆನ್ ಅಂದಳು.

“ಲೇಯವ್ವ ಯಾಕ ಅಳಕೋತ ಹೋದ್ಲು?” ಎಂದು ಹೆಂಡತಿ ಒಳಗಿನಿಂದ ಕೇಳಿದರು.

“ಏನಿಲ್ಲ, ಪ್ರಾರ್ಥನಾಕ್ಕ ಬಂದಿದ್ಲು.”

ನನ್ನನ್ನು ಕರವಸ್ತ್ರದಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ, ಹಳೆಯ ಉತ್ತರಪತ್ರಿಕೆಗಳ ಕೆಳಗೆ ಇಟ್ಟರು. ಇಂದಿಗೂ ಅಲ್ಲೇ ಇದ್ದೇನೆ. ತುಕ್ಕು ಮತ್ತೆ ಹತ್ತಿದೆ. ತುದಿಗೆ ನಾಲ್ಕು ಸಲ ಅರ ಹಾಕಿದರೆ ನಾನು ಸರಿಹೋಗುತ್ತೇನೆ. ಅಂಥ ಕೈ ಹುಬ್ಬಳ್ಳಿಯಲ್ಲೇ ಸಿಕ್ಕೀತು. ಆದರೆ ತಿದ್ದಲು ಕೊಡಬೇಕಾದರೆ, ಕೆಟ್ಟಿದೆ ಎಂದು ಒಬ್ಬರ ಮುಂದಾದರೂ ಹೇಳಬೇಕಲ್ಲ.

ಅಂದು ಟ್ರಂಕಿಗೆ ಬೀಗ ಹಾಕಿದ ಮೇಲೆ ಮಾಸ್ತರು ಅಲ್ಲೇ ಮೊಣಕಾಲೂರಿದರು. ನನಗೆ ಒಂದೊಂದು ಮಾತೂ ಕೇಳಿಸಿತು. ಹೆಂಡತಿಯ ಹೆಸರು ಹೇಳಿದರು, ಮಕ್ಕಳ ಹೆಸರು ಹೇಳಿದರು, ಇಮಾನುವೇಲನ ಕೆಮ್ಮು ಹೇಳಿದರು, ಲೇಯವ್ವನ ಕಣ್ಣೀರು ಹೇಳಿದರು. ನನ್ನ ವಿಷಯವನ್ನು ಮಾತ್ರ, ದೇವರಿಗೂ ಹೇಳದೆ, ಎದ್ದುಹೋದರು.